ಕೌದಿಯ ಕೊನೆಯ ಮೂಲೆ

ಶಿವಮೊಗ್ಗದಿಂದ ಭದ್ರಾವತಿಗೆ ರೈಲಿನಲ್ಲಿ ಹೋದರೆ ಅರ್ಧ ಗಂಟೆ ಹಿಡಿದರೆ ಹೆಚ್ಚು. ಕಿಟಕಿಯಾಚೆ ಒಂದಿಷ್ಟು ಗದ್ದೆ, ಒಂದಿಷ್ಟು ಕಬ್ಬು ಕಾಣುವಷ್ಟರಲ್ಲಿ ಇಳಿಯುವವರು ಎದ್ದು ನಿಂತಿರುತ್ತಾರೆ. ಆದರೂ ಆ ವರ್ಷದ ನನ್ನ ಶನಿವಾರಗಳ ಪ್ರಯಾಣ ನೆನಪಿನಲ್ಲಿ ಬಹಳ ಉದ್ದವಾಗಿದೆ. ತೊಡೆಯ ಮೇಲೆ ಒಂದು ದೊಡ್ಡ ಚೀಲ ಇರುತ್ತಿತ್ತು. ಅದರ ತುಂಬ ಕೋಟೆ ರಸ್ತೆಯ ದರ್ಜಿಯೊಬ್ಬರು ಕತ್ತರಿಸಿ ಉಳಿಸಿದ ತುಂಡು ಬಟ್ಟೆ. ಅಂಗಿಯ ಕಂಕುಳಿನ ಚೂರು, ರವಿಕೆಯ ಲೈನಿಂಗ್, ಶಾಲೆಯ ಸಮವಸ್ತ್ರದ ನೀಲಿ ಚೌಕಳಿ, ಯಾರದೋ ಮದುವೆಯ ಕೋಟಿನ ಒಳಪದರ. ಬಿಸಿಲು ಕಿಟಕಿಯಿಂದ ಬಂದು ಚೀಲದ ಮೇಲೆ ಕೂತರೆ, ಬಟ್ಟೆ ಮೆಲ್ಲಗೆ ಬಿಸಿಯಾಗಿ, ತೊಡೆಯ ಮೇಲೆ ಯಾವುದೋ ಪ್ರಾಣಿ ಮಲಗಿದಂತೆ ಅನಿಸುತ್ತಿತ್ತು. ಹಾಗೆ ಅನಿಸಿದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ಆಗ ನಾನು ಅಂಥ ಮಾತಾಡುವ ಹುಡುಗಿಯಾಗಿರಲಿಲ್ಲ.

"ತಗೊಂಡ್ಹೋಗು ಬೇಟಿ," ಎನ್ನುತ್ತಿದ್ದರು ದರ್ಜಿ. "ನಮಗೆ ಕಸ, ನಿಮ್ಮ ದೊಡ್ಡಮ್ಮಂಗೆ ಖಜಾನಾ."

ನಾನಾಗ ಡಿಗ್ರಿ ಮುಗಿಸಿ, ಮುಂದೇನು ಎಂದು ತೀರ್ಮಾನಿಸದೆ ಮನೆಯಲ್ಲಿ ಕೂತಿದ್ದೆ. ಹೈಸ್ಕೂಲಿನಿಂದ ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು. ಪರವಾಗಿ ಬಂದರೆ ಪರ, ವಿರೋಧವಾಗಿ ಬಂದರೆ ವಿರೋಧ. ಚೀಟಿ ಎತ್ತಿದ ಮೂರನೇ ನಿಮಿಷಕ್ಕೆ ನನ್ನ ನಿಲುವು ಸಿದ್ಧ. ಎದುರಾಳಿಯ ಮಾತಿನಲ್ಲಿ ಸಡಿಲವಾದ ಒಂದು ಎಳೆ ಸಿಕ್ಕರೆ ಸಾಕು, ಅದನ್ನು ಹಿಡಿದು ಇಡೀ ವಾದವನ್ನು ಬಿಚ್ಚಿಹಾಕುವುದು ನನಗೆ ಗೊತ್ತಿತ್ತು. ಮನೆಯಲ್ಲಿ ಸ್ಪರ್ಧೆಗಳಿರಲಿಲ್ಲವಾದ್ದರಿಂದ ಅಪ್ಪನೇ ಎದುರಾಳಿಯಾದರು. ಒಂದು ತಿಂಗಳು ಸಹಿಸಿಕೊಂಡು, "ಇಲ್ಲಿ ಕೂತು ಉಪ್ಪಿಟ್ಟು ಸರಿಯೋ ತಪ್ಪೋ ಅಂತ ವಾದ ಮಾಡೋ ಬದಲು, ದೊಡ್ಡಮ್ಮಂಗೆ ವಾರ ವಾರ ಬಟ್ಟೆ ಆದ್ರೂ ತಲುಪಿಸು ಮಾರಾಯ್ತಿ," ಎಂದು ಕೈಮುಗಿದರು.

ದೊಡ್ಡಮ್ಮ ಎಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು, ತೀರಿಕೊಂಡು ಕೆಲವು ವರ್ಷವಾಗಿತ್ತು. ಹಾವೇರಿ ಕಡೆಯಿಂದ ಮದುವೆಯಾಗಿ ಬಂದ ದೊಡ್ಡಮ್ಮ, ತವರಿನ ಮಾತನ್ನು ನಲವತ್ತು ವರ್ಷದಲ್ಲಿ ಹೆಚ್ಚುಕಡಿಮೆ ಕಳೆದುಕೊಂಡಿದ್ದರೂ ತವರಿನ ಕೌದಿಯನ್ನು ಕಳೆದುಕೊಂಡಿರಲಿಲ್ಲ. ಹಳೆಯ ಹತ್ತಿ ಸೀರೆಯನ್ನು ಪದರ ಪದರವಾಗಿ ಹಾಸಿ, ಅದರ ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿ, ಅಂಚಿನಿಂದ ಒಳಗೆ ಸಾಲು ಸಾಲಾಗಿ ಕೈಯಲ್ಲೇ ಹೊಲಿದು ಮಾಡುವ ಹೊದಿಕೆ ಅದು. ಒಮ್ಮೆ ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ನೆಂಟರ ಬಾಣಂತಿಯನ್ನು ನೋಡಲು ಹೋದಾಗ, ಪಕ್ಕದ ಹಾಸಿಗೆಯ ಕೂಸನ್ನು ಸ್ನಾನದ ಟವೆಲ್ಲಿನಲ್ಲಿ ಸುತ್ತಿದ್ದು ಅವರ ಕಣ್ಣಿಗೆ ಬಿತ್ತು. ಟವೆಲ್ ಒದ್ದೆ ಇತ್ತಂತೆ. ಅಂದಿನಿಂದ ದೊಡ್ಡಮ್ಮ ಆ ವಾರ್ಡಿನ ಕೂಸುಗಳಿಗೆಂದು ಪುಟ್ಟ ಕೌದಿಗಳನ್ನು ಹೊಲಿಯಲು ಶುರುಮಾಡಿದರು. ಒಂದು ತೋಳಿನಷ್ಟು ಉದ್ದ, ಅಷ್ಟೇ ಅಗಲ. ಹತ್ತು ಹನ್ನೆರಡು ಸೇರಿದಾಗ ಒಯ್ದು ಕೊಡುವುದು, ಮತ್ತೆ ಹೊಲಿಯಲು ಕೂರುವುದು.

ಒಬ್ಬರೇ ಅಲ್ಲ, ಇಬ್ಬರು ಕೂರುತ್ತಿದ್ದರು. ಎದುರುಮನೆಯ ಆಂಟಿಯ ಗಂಡನೂ ಅದೇ ಕಾರ್ಖಾನೆಯವರು. ಆಂಟಿಯ ಮನೆಮಾತು ತಮಿಳು. ದೊಡ್ಡಮ್ಮನನ್ನು ಅಕ್ಕಾ ಎನ್ನುತ್ತಿದ್ದರು, ನನ್ನನ್ನು ಕಣ್ಣು ಎನ್ನುತ್ತಿದ್ದರು. ಅವರಿಬ್ಬರೂ ಒಂದು ಕೌದಿಗೆ ಕೂತಾಗ ನೋಡಬೇಕಿತ್ತು. ದೊಡ್ಡಮ್ಮ ಬಲಗೈಯವರು, ಆಂಟಿ ಎಡಗೈಯವರು. ಜಗಲಿಯ ಮೇಲೆ ಬಟ್ಟೆ ಹರಡಿ, ಒಬ್ಬರು ಬಲದ ಅಂಚಿನಿಂದ ಹೊರಟರೆ ಇನ್ನೊಬ್ಬರು ಎಡದ ಅಂಚಿನಿಂದ ಹೊರಡುತ್ತಿದ್ದರು. ಮೊಣಕೈಗೆ ಮೊಣಕೈ ತಾಗುತ್ತಿರಲಿಲ್ಲ. ಎರಡು ಸೂಜಿಗಳು ದೂರದ ಎರಡು ಊರಿನಿಂದ ನಡೆದು ಬರುವವರ ಹಾಗೆ ನಿಧಾನವಾಗಿ ಹತ್ತಿರ ಬಂದು ನಡುವೆ ಒಂದು ಕಡೆ ಸಂಧಿಸುತ್ತಿದ್ದವು. ಆಗ ಇಬ್ಬರೂ ಒಂದೇ ಸಲ ದಾರ ಕಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು ಉಸ್ಸೆನ್ನುತ್ತಿದ್ದರು.

ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಆ ಬೀದಿಯಲ್ಲಿ ಶಬ್ದವೆಂದರೆ ದೂರದ ಲಾರಿ, ಹತ್ತಿರದ ಸೂಜಿ. ಬಟ್ಟೆ ಹರಿದಾಗ ಹಾರಿದ ಹತ್ತಿಯ ಎಳೆಗಳು ಬಿಸಿಲುಕೋಲಿನಲ್ಲಿ ಇಳಿಯಲೂ ಮನಸ್ಸಿಲ್ಲದೆ ಏರಲೂ ಮನಸ್ಸಿಲ್ಲದೆ ನಿಂತಿರುತ್ತಿದ್ದವು. ಅರ್ಧ ಹೊಲಿದ ಕೌದಿಯನ್ನು ಕಣ್ಣು ಕಿರಿದು ಮಾಡಿ ನೋಡಿದರೆ ಅದೊಂದು ನಾಡು. ನೀಲಿ ಚೌಕಳಿ ಗಾಜನೂರು ಅಣೆಕಟ್ಟಿನ ನಿಂತ ನೀರು. ಪಕ್ಕದ ಬೂದು ಪ್ಯಾಂಟಿನ ತುಂಡು, ಚಿಕ್ಕವಳಿದ್ದಾಗ ಸಕ್ರೆಬೈಲಿನಲ್ಲಿ ಕಂಡ, ಹೊಳೆಯಲ್ಲಿ ಮಗ್ಗುಲಾಗಿ ಮಲಗಿ ಮೈ ಉಜ್ಜಿಸಿಕೊಳ್ಳುತ್ತಿದ್ದ ಆನೆ. ಆ ಹಳದಿ? ಆ ಹಳದಿ ಯಾವ ಊರೂ ಅಲ್ಲ. ಅದರೊಳಗೆ ಹೋದರೆ ನಿದ್ದೆ ಬರುತ್ತಿತ್ತು.

"ನೋಡು, ನಿಮ್ಮ ಲಾಯರಮ್ಮ ತೂಕಡಿಸ್ತಾಳೆ," ಎಂದು ಆಂಟಿ ನಗುತ್ತಿದ್ದರು.

"ಮಲಗ್ಲಿ ಬಿಡು. ಬಾಯಿ ಮುಚ್ಚಿರೋದು ಇದೊಂದೇ ಹೊತ್ತು."

ತೊಂದರೆ ಬಂದದ್ದು ಕೊನೆಯ ಮೂಲೆಯಿಂದ. ಕೌದಿಯ ಮೂರು ಮೂಲೆಗಳನ್ನು ಮುಚ್ಚಿ ನಾಲ್ಕನೆಯದನ್ನು ಮುಚ್ಚುವ ಮೊದಲು, ದೊಡ್ಡಮ್ಮ ಅದರೊಳಗೆ ಒಂದು ಚೂರು ತಿನಿಸು ಇಡುತ್ತಿದ್ದರು. ಉಗುರಿನಷ್ಟು ಚಪಾತಿ, ಅದಕ್ಕೆ ಸವರಿದ ಚಿಟಿಕೆ ಬೆಲ್ಲ. ಅವರ ತವರಿನಲ್ಲಿ ಹೀಗೆಯೇ. ಕೌದಿಯ ಹೊಟ್ಟೆ ಖಾಲಿ ಇರಬಾರದು. ತಾನೇ ಹಸಿದ ಕೌದಿ ಹೊದ್ದವರನ್ನು ಹೇಗೆ ಬೆಚ್ಚಗಿಟ್ಟೀತು? ಆ ತುತ್ತು ಇಡುವುದು ಯಾವಾಗಲೂ ದೊಡ್ಡಮ್ಮನೇ. ಆಂಟಿಯ ಸರದಿ ಬಂದದ್ದು ನಾನು ನೋಡಿರಲಿಲ್ಲ. ಎಡಗೈ ಮೊದಲು ಮುಂದೆ ಬರುತ್ತದಲ್ಲ, ಅದಕ್ಕೆ. "ಹೊಲಿಯೋದು ನೀನು ಹೊಲಿ, ಉಣ್ಸೋದು ನಾನು ಉಣ್ಸ್ತೀನಿ. ನಿನ್ನ ಕೈ ಪಕ್ಷಾಂತರಿ," ಎಂದು ದೊಡ್ಡಮ್ಮ ತಮಾಷೆ ಮಾಡುತ್ತಿದ್ದರು. ಆಂಟಿ ನಗುತ್ತಿದ್ದರು. ನಗುತ್ತಿದ್ದರು ಎಂದೇ ನಾನು ಅಂದುಕೊಂಡಿದ್ದೆ.

ಹಿಂದಿನ ಸಲ ಕೌದಿ ಕೊಡಲು ಹೋದಾಗ ವಾರ್ಡಿನ ಸಿಸ್ಟರ್ ಖಡಾಖಂಡಿತವಾಗಿ ಹೇಳಿದ್ದರು: "ತುಂಬ ಚೆನ್ನಾಗಿದೆ ಅಮ್ಮ, ತಂದ್ಕೊಡಿ. ಆದ್ರೆ ಎಳೇ ಕೂಸುಗಳು. ಒಂದು ಇರುವೆ ಕಂಡ್ರೂ ಅಷ್ಟೂ ವಾಪಸ್ಸು." ದೊಡ್ಡಮ್ಮ ತಲೆಯಾಡಿಸಿದರು. ಮುಂದಿನ ಶನಿವಾರ ಹೊಸ ಕೌದಿಯ ಮೂಲೆಗೆ ಬೆಲ್ಲ ಸವರುತ್ತಿದ್ದಾಗ ನಾನು ಕಂಬದಿಂದ ಬೆನ್ನು ತೆಗೆದೆ.

"ದೊಡ್ಡಮ್ಮ, ಇದನ್ನ ನಿಲ್ಸಿ. ಮೊದಲನೇದಾಗಿ, ಬಟ್ಟೆಗೆ ಜೀರ್ಣಾಂಗ ಇಲ್ಲ."

"ಶುರು ಆಯ್ತು!" ಆಂಟಿ ಸೂಜಿ ಮೇಲೆತ್ತಿದರು. "ಮಾನ್ಯ ಅಧ್ಯಕ್ಷರೇ!"

"ಎರಡನೇದಾಗಿ, ಬೆಲ್ಲಕ್ಕೆ ಇರುವೆ ಬರುತ್ತೆ, ಇದಕ್ಕೆ ಸಾಕ್ಷಿ ಬೇಡ. ಮೂರನೇದಾಗಿ, ಇದು ಧರ್ಮಕ್ಕೆ ಅಂತ ಕೊಡೋದು. ತಗೊಳ್ಳೋ ಕೂಸಿಗೆ ತೊಂದ್ರೆ ಆದ್ರೆ ಅದು ಧರ್ಮ ಹೇಗಾಗುತ್ತೆ? ನಿಮ್ಮ ಸಮಾಧಾನಕ್ಕೆ ಕೊಟ್ಟ ಹಾಗಾಯ್ತು."

ಮೂರನೆಯದು ಚೆನ್ನಾಗಿ ಬಂತು ಎಂದು ನನಗೇ ಅನಿಸಿತು. ವೇದಿಕೆಯಾಗಿದ್ದರೆ ಅಲ್ಲಿ ಚಪ್ಪಾಳೆ ಬೀಳುತ್ತಿತ್ತು. ದೊಡ್ಡಮ್ಮ ಬೆರಳಿಗಂಟಿದ ಬೆಲ್ಲವನ್ನು ನೆಕ್ಕಿದರು.

"ಆಯ್ತಾ? ಮುಗೀತಾ?"

"ಉತ್ತರ ಕೊಡಿ."

"ಎಂಥ ಉತ್ತರ ಯವ್ವಾ. ಹಸಿದ ಹೊದಿಕೆ ಕೊಡಕ್ಕಾಗಲ್ಲ ನಂಗೆ." ಮೂಲೆ ಮಡಚಿ ಹೊಲಿದರು. ಅಷ್ಟೇ.

ನಾನು ಸೋತದ್ದು ನನಗೆ ಹಿಡಿಸಲಿಲ್ಲ. ವಾದವನ್ನು ಎದುರಿಸದೆ ಗೆದ್ದುಬಿಡುವವರನ್ನು ಕಂಡರೆ ನನಗೆ ಸಿಟ್ಟು. ಇನ್ನೂ ಒಂದು ಸಂಗತಿ ದೊಡ್ಡಮ್ಮನಿಗೆ ಗೊತ್ತಿರಲಿಲ್ಲ: ನಾನು ಹೊಲಿಗೆ ಕಲಿಯುತ್ತಿದ್ದೆ. ನಾನೂ ಎಡಗೈಯವಳು. ಚಿಕ್ಕಂದಿನಲ್ಲಿ ದೊಡ್ಡಮ್ಮ ಕಲಿಸಲು ಹೋಗಿ, "ಇವಳಿಗೆ ಎಲ್ಲಾ ಉಲ್ಟಾ, ಗುಂಡಿ ಹಾಕಕ್ಕೂ ಬರಲ್ಲ," ಎಂದು ಕೈಬಿಟ್ಟಿದ್ದರು. ಈಗ ಅವರು ಊಟವಾಗಿ ಮಲಗಿದಾಗ ನಾನು ಎದುರುಮನೆಗೆ ಹೋಗುತ್ತಿದ್ದೆ. ಆಂಟಿಯ ಪಕ್ಕ ಕೂತು ಅವರ ಎಡಗೈಯನ್ನೇ ನೋಡುತ್ತ ಹೊಲಿದರೆ ಉಲ್ಟಾ ಎನ್ನುವುದೇ ಇರಲಿಲ್ಲ. "ಅಕ್ಕಂಗೆ ಹೇಳ್ಬೇಡ," ಎಂದಿದ್ದರು ಆಂಟಿ. "ಸಾಲು ನೆಟ್ಟಗೆ ಬರ್ಲಿ, ಆಮೇಲೆ ಒಂದು ಪೂರ್ತಿ ಕೌದಿ ಮಾಡಿ ಕೈಗಿಡು. ಮುಖ ನೋಡಬೇಕು ಆಗ."

ಮೇ ತಿಂಗಳ ಒಂದು ಶನಿವಾರ ಇಬ್ಬರೂ ಪಕ್ಕದ ಬೀದಿಯ ಗೃಹಪ್ರವೇಶಕ್ಕೆ ಹೋದರು. ಆಸ್ಪತ್ರೆಗೆ ಸಿದ್ಧವಾದ ಹನ್ನೊಂದು ಕೌದಿಗಳು ಕೋಣೆಯ ಮಂಚದ ಮೇಲೆ ಒಂದರ ಮೇಲೊಂದು ಇದ್ದವು. ಗೋಡೆಯ ಬುಡದಲ್ಲಿ ಇರುವೆ ಸಾಲು ಏನೂ ಇರಲಿಲ್ಲ. ಇತ್ತು ಎಂದು ಈಗ ಸೇರಿಸಿ ಹೇಳಿದರೆ ನನಗೆ ಅನುಕೂಲವಾಗುತ್ತಿತ್ತು. ನಾನು ಬಾಗಿಲು ಹಾಕಿಕೊಂಡು ಕೂತು, ಬ್ಲೇಡಿನಿಂದ ಒಂದೊಂದೇ ಕೊನೆಯ ಮೂಲೆಯನ್ನು ಬಿಚ್ಚಿದೆ. ಚಪಾತಿಯ ಚೂರುಗಳು ಒಣಗಿ ಹಲ್ಲಿಯ ಮೊಟ್ಟೆಯ ಚಿಪ್ಪಿನಷ್ಟು ಹಗುರವಾಗಿದ್ದವು. ಹನ್ನೊಂದನ್ನೂ ಸ್ಟೀಲ್ ಬಟ್ಟಲಿಗೆ ಹಾಕಿ, ಮೂಲೆಗಳನ್ನು ಮತ್ತೆ ಹೊಲಿದೆ. ಇಡೀ ಮಧ್ಯಾಹ್ನ ಆಯಿತು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ದಾರ ಬಟ್ಟೆಯೊಳಗೆ ಹಾಯುವುದು ಕೇಳುತ್ತಿತ್ತು. ಮಾಡುತ್ತಿರುವುದು ಕಳ್ಳತನ ಎನ್ನುವುದು ಹೊಳೆಯದಷ್ಟು ಹಿತವಾಗಿತ್ತು ಆ ಕೆಲಸ. ನೀರಿನಡಿಯಲ್ಲಿ ಕೂತು ಹೊಲಿದ ಹಾಗೆ. ಮುಗಿದ ಮೇಲೆ ಬಟ್ಟಲನ್ನು ಹಿತ್ತಲಿನ ಕಟ್ಟೆಯ ಮೇಲೆ ಇಟ್ಟೆ. ಎರಡು ಗೊರವಂಕ ಬಂದು ತಿಂದು ಹೋದವು.

ಕೂಸುಗಳಿಗೆ ಒಳ್ಳೆಯದಾಯಿತು, ದೊಡ್ಡಮ್ಮನಿಗೆ ಗೊತ್ತಾಗುವುದಿಲ್ಲ, ಯಾರಿಗೂ ನಷ್ಟವಿಲ್ಲ. ಮೂರು ಅಂಶ.

ದೊಡ್ಡಮ್ಮನ ಕಣ್ಣು ಮಂಜಾಗಿತ್ತು ನಿಜ. ಆದರೆ ಅವರು ಕೌದಿಯನ್ನು ನೋಡುತ್ತಿದ್ದುದು ಹೆಬ್ಬೆರಳಿನಿಂದ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ರಾತ್ರಿ ನಾನು ಅಲ್ಲೇ ಉಳಿದಿದ್ದೆ. ಮಾರನೆಯ ದಿನ ಬೆಳಿಗ್ಗೆ, ಚೀಲಕ್ಕೆ ತುಂಬುವ ಮೊದಲು, ಮೊದಲ ಕೌದಿಯ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದರು. ನಿಲ್ಲಿಸಿದರು. ಎರಡನೆಯದು. ಮೂರನೆಯದು. ಮೂಲೆ ಮುಚ್ಚುವ ಹೊಲಿಗೆ ಓರೆಯಾಗಿರುತ್ತದೆ. ಬಲಗೈಯವರು ಹೊಲಿದರೆ ಒಂದು ಕಡೆ ವಾಲುತ್ತದೆ, ಎಡಗೈಯವರು ಹೊಲಿದರೆ ಇನ್ನೊಂದು ಕಡೆ. ಹನ್ನೊಂದನ್ನೂ ಸವರಿ ಮುಗಿಸುವ ಹೊತ್ತಿಗೆ ಅವರ ಮುಖ ಬೇರೆ ಆಗಿತ್ತು. ಅಷ್ಟರಲ್ಲೇ ಆಂಟಿ ಎರಡು ಲೋಟ ಕಾಫಿ ಹಿಡಿದು, ಚಪ್ಪಲಿ ಬಿಟ್ಟು ಒಳಗೆ ಬಂದರು.

"ಇದ್ಯಾರ ಹೊಲಿಗೆ?" ಎಂದರು ದೊಡ್ಡಮ್ಮ.

ಆಂಟಿ ಲೋಟ ಕೆಳಗಿಟ್ಟು ಕೌದಿ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಹೊಲಿಗೆಯ ಕೊನೆಯ ಗಂಟನ್ನು ಉಗುರಿನಿಂದ ತಟ್ಟಿದರು.

"ನಂದರ ಹಾಗಿದೆ," ಎಂದರು.

"ಹಾಗಿದೆ ಅಂದ್ರೆ? ಈ ಬೀದೀಲಿ ಎಡಗೈಲಿ ಹೊಲಿಯೋರು ಇನ್ಯಾರಿದ್ದಾರೆ? ಒಳಗಿದ್ದ ತುತ್ತು ಎಲ್ಲಿ?"

ಆಂಟಿ ಕೌದಿಯನ್ನು ಮಡಚಿ ಮಂಚದ ಮೇಲಿಟ್ಟರು.

"ಉಣ್ಸೋದು ನಾನೇ ಅಂತ ಇಷ್ಟು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದೀಯಲ್ಲ! ಬಾಯಿಬಿಟ್ಟು ಕೇಳ್ಬೋದಿತ್ತು. ಕೂಸುಗಳ ತುತ್ತು ಕದ್ದು ತೀರಿಸ್ಕೋಬೇಕಿತ್ತಾ?"

ಕೋಣೆಯ ಬಾಗಿಲಲ್ಲಿ ನಾನು ನಿಂತಿದ್ದೆ. ನೂರಾರು ಜನರ ಎದುರು, ಕೊಟ್ಟ ಯಾವುದೇ ವಿಷಯದ ಮೇಲೆ, ಗಂಟೆ ಬಾರಿಸುವವರೆಗೂ ನಿಲ್ಲಿಸದೆ ಮಾತಾಡಿದ ಬಾಯಿ ನನ್ನದು. ಒಂದೇ ವಾಕ್ಯ ಸಾಕಾಗಿತ್ತು. ಆಂಟಿ ಒಂದು ಸಲ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಪ್ರಶ್ನೆ ಇರಲಿಲ್ಲ. ಕಾಫಿ ಲೋಟಗಳನ್ನು ಎತ್ತಿಕೊಂಡು, ಚಪ್ಪಲಿ ಹಾಕಿಕೊಂಡು, ರಸ್ತೆ ದಾಟಿ ಹೋದರು. ಅವರ ಮನೆಯ ಬಾಗಿಲು ಹಗಲು ಹೊತ್ತಿನಲ್ಲಿ ಮುಚ್ಚಿದ್ದು ನಾನು ಅವತ್ತೇ ಮೊದಲು ನೋಡಿದ್ದು.

ಕೌದಿಗಳು ಆಸ್ಪತ್ರೆಗೆ ಹೋಗಲಿಲ್ಲ. ಹಸಿದವನ್ನು ಕೊಡಲು ದೊಡ್ಡಮ್ಮನಿಗೆ ಆಗದು. ಬಿಚ್ಚಿ ಮತ್ತೆ ತುಂಬಲೂ ಆಗದು. ಇನ್ನೊಬ್ಬರು ಹಾಕಿದ ಹೊಲಿಗೆಯನ್ನು ಅವರನ್ನು ಕೇಳದೆ ಬಿಚ್ಚಬಾರದು ಎಂಬುದು ಅವರ ಇನ್ನೊಂದು ನಿಯಮ. ಹನ್ನೊಂದು ಕೌದಿಗಳು ಮಂಚದ ಮೇಲೆ ಹಾಗೇ ಕೂತವು. ಮುಂದಿನ ಶನಿವಾರ ನಾನು ಹೋದಾಗ ದೊಡ್ಡಮ್ಮ ಒಬ್ಬರೇ ಹೊಸದಕ್ಕೆ ಕೂತಿದ್ದರು. ಬಲದಿಂದ ಹೊಲಿದುಕೊಂಡು ನಡುವಿಗೆ ಬರುತ್ತಿದ್ದರು. ಎಡಗಡೆ ಹಿಡಿಯುವವರು ಇಲ್ಲದೆ ಬಟ್ಟೆ ಸರಿದು, ಸುಕ್ಕು ಸುಕ್ಕಾಗಿ ಒಂದು ಕಡೆ ಸೇರಿಕೊಳ್ಳುತ್ತಿತ್ತು. ಬಿಚ್ಚುತ್ತಿದ್ದರು. ಮತ್ತೆ ಹೊಲಿಯುತ್ತಿದ್ದರು. ನಡುನಡುವೆ ಎದುರಿನ ಮುಚ್ಚಿದ ಬಾಗಿಲ ಕಡೆ ಮುಖ ಮಾಡಿ, ಕಾಣದವರ ಹಾಗೆ ಕಣ್ಣುಜ್ಜಿಕೊಳ್ಳುತ್ತಿದ್ದರು.

"ಮೂವತ್ತು ವರ್ಷ," ಎಂದರು, ನನಗೆ ಅಂತಲ್ಲ. "ನನ್ನ ಬಾಣಂತನ ಮಾಡಿದ್ಲು. ಇವ್ರು ಹೋದಾಗ ಹನ್ನೆರಡು ದಿನ ಒಲೆ ಹಚ್ಚಕ್ಕೆ ಬಿಡ್ಲಿಲ್ಲ. ಅಂಥೋಳು ಹೀಗ್ ಮಾಡಿದ್ಲಲ್ಲ."

ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ. ಅದೊಂದೇ ನನ್ನಿಂದ ಆದದ್ದು.

ಮನೆಗೆ ಹೋಗುವ ರೈಲಿನಲ್ಲಿ ತೊಡೆಯ ಮೇಲೆ ಚೀಲ ಖಾಲಿ ಇತ್ತು. ತಲೆಯಲ್ಲಿ ವಾದ ಮಂಡನೆ ನಡೆದೇ ಇತ್ತು. ಒಂದು, ನನ್ನ ಉದ್ದೇಶ ಒಳ್ಳೆಯದು. ಎರಡು, ಅನುಮಾನ ಪಟ್ಟದ್ದು ದೊಡ್ಡಮ್ಮ, ನಾನು ಯಾರ ಹೆಸರನ್ನೂ ಹೇಳಿಲ್ಲ. ಮೂರು, ಆಂಟಿಯೇ ಅಲ್ಲ ಎನ್ನಬಹುದಿತ್ತು, ಎನ್ನಲಿಲ್ಲ. ಪ್ರತಿಯೊಂದೂ ಗಟ್ಟಿಯಾಗಿತ್ತು. ಕಿಟಕಿಯಾಚೆ ಗದ್ದೆಗಳು, ನೀರು, ಬೇಲಿಯ ಮೇಲೆ ಒಣಗಲು ಹಾಕಿದ ಸೀರೆ, ಎಲ್ಲವೂ ಒಂದಕ್ಕೊಂದು ಅಂಟದ ತುಂಡುಗಳ ಹಾಗೆ ಹಿಂದೆ ಹಿಂದೆ ಸರಿದುಹೋಗುತ್ತಿದ್ದವು. ಆ ವಾರವೆಲ್ಲ ಊಟ ಮಾಡುವಾಗ, ಸ್ನಾನ ಮಾಡುವಾಗ, ಯಾರೋ ಉಗುರಿನಿಂದ ಒಂದು ಗಂಟನ್ನು ತಟ್ಟುತ್ತಿರುವ ಸದ್ದು ಕೇಳುತ್ತಿತ್ತು.

ಅದರ ಮುಂದಿನ ಶನಿವಾರ ಜಗಲಿ ಹತ್ತಿ, ಚೀಲ ಇಳಿಸುವ ಮೊದಲೇ ಹೇಳಿದೆ.

"ದೊಡ್ಡಮ್ಮ, ಅದು ನಾನು. ಮೂಲೆ ಬಿಚ್ಚಿದ್ದು ನಾನು."

ಅವರು ಸೂಜಿ ನಿಲ್ಲಿಸಲಿಲ್ಲ. "ನಿಂಗೆ ಹೊಲಿಯಕ್ಕೆ ಬರಲ್ಲ."

"ಬರುತ್ತೆ. ಆಂಟಿ ಕಲಿಸಿದ್ರು. ನೀವು ಮಲಗಿದಾಗ."

ಸೂಜಿ ನಿಂತಿತು. ಒಂದು ಬಟ್ಟೆಯ ಚೂರು ಕೊಟ್ಟು, "ಹೊಲಿ," ಎಂದರು. ನಾನು ನಾಲ್ಕು ಹೊಲಿಗೆ ಹಾಕಿ ಗಂಟು ಹಾಕಿದೆ. ದೊಡ್ಡಮ್ಮ ಅದರ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೊಮ್ಮೆ ಆಡಿಸಿದರು. ನಾನು ತಯಾರಿಟ್ಟುಕೊಂಡಿದ್ದ ಮೂರು ಅಂಶಗಳೂ ಬಾಯಿಗೆ ಬಂದವು. ಇರುವೆ ಎಂದು ಶುರುಮಾಡಿದೆ.

"ಇರುವೆ ಬರುತ್ತೆ ಅಂತ ನಂಗೆ ಗೊತ್ತಿಲ್ವೇನೇ? ನಾನೇನು ಇರುವೆ ಕಾಣದ ಊರಿಂದ ಬಂದೋಳಾ?" ಗದರಿದರು. ಧ್ವನಿಯಲ್ಲಿ ತವರಿನ ಏರು ಬಂದಿತ್ತು. "ದೊಡ್ಡಮ್ಮ, ಬೆಲ್ಲ ಬೇಡ, ಬೇರೆ ಏನಾದ್ರೂ ಇಡಿ ಅಂದಿದ್ರೆ ಒಂದು ಅಕ್ಕಿ ಕಾಳು ಇಡ್ತಿದ್ದೆ. ನೀನು ಕೇಳಿದ್ಯಾ? ಬಟ್ಟೆಗೆ ಹೊಟ್ಟೆ ಇಲ್ಲ ಅಂತ ಭಾಷಣ ಮಾಡ್ದೆ."

ಇಷ್ಟು ದಿನದಲ್ಲಿ ಆ ದಾರಿ ನನಗೆ ಹೊಳೆದೇ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಇರುವೆ ಬರದಿರುವುದಲ್ಲ, ಅವರು ಒಪ್ಪಿಕೊಳ್ಳುವುದು.

"ಹೋಗು. ಅವಳಿಗೆ ಹೇಳು."

ರಸ್ತೆ ಅಗಲವೇನಲ್ಲ, ಹದಿನೈದು ಹೆಜ್ಜೆ. ಬಾಗಿಲು ತಟ್ಟಿದೆ. ಆಂಟಿ ಕೈಯಲ್ಲಿ ಸೌಟು ಹಿಡಿದುಕೊಂಡೇ ತೆರೆದರು.

"ಆಂಟಿ, ದೊಡ್ಡಮ್ಮಂಗೆ ಹೇಳ್ದೆ. ನಾನೇ ಮಾಡಿದ್ದು ಅಂತ."

"ಗೊತ್ತು ಕಣ್ಣು. ಅವತ್ತೇ ಗೊತ್ತಿತ್ತು. ಗಂಟು ಹಾಕೋವಾಗ ಎರಡು ಸುತ್ತು ಸಾಕು ಅಂತ ಎಷ್ಟು ಸಲ ಹೇಳಿದ್ದೀನಿ? ನೀನು ನಾಲ್ಕು ಹಾಕ್ತೀಯ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ವಾದ ಆಗ್ತಿತ್ತು. ವಾದ ಆದ್ರೆ ನೀನು ಗೆಲ್ತಿದ್ದೆ." ನಕ್ಕರು, ಆದರೆ ನಗು ಮುಖದಲ್ಲಿ ನಿಲ್ಲಲಿಲ್ಲ. "ನಿನ್ನ ಮೇಲೆ ನಂಗೇನು ಕೋಪ? ಚಿಕ್ಕೋಳು, ಏನೋ ಮಾಡ್ದೆ. ಅಕ್ಕ ನಂಬಿಬಿಟ್ರಲ್ಲ. ನೀನಾ ಅಂತ ಕೇಳಕ್ಕೆ ಮುಂಚೆನೇ ನಂಬಿಬಿಟ್ರು. ಪಕ್ಷಾಂತರಿ ಪಕ್ಷಾಂತರಿ ಅಂತಿದ್ರು. ತಮಾಷೆ ಅಂದ್ಕೊಂಡಿದ್ದೆ ನಾನು."

ಇದಕ್ಕೆ ನನ್ನ ತಪ್ಪೊಪ್ಪಿಗೆ ಸಾಲುತ್ತಿರಲಿಲ್ಲ. ಬಾಗಿಲು ಮುಚ್ಚಲಿಲ್ಲ ಆಂಟಿ, ಆದರೆ ಒಳಗೆ ಹೋಗಿಬಿಟ್ಟರು.

ತಿರುಗಿ ನೋಡಿದರೆ ದೊಡ್ಡಮ್ಮ ರಸ್ತೆಯ ನಡುವೆ ಇದ್ದರು. ಸುಕ್ಕುಗಟ್ಟಿದ ಅರ್ಧ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ದಾರದ ಡಬ್ಬಿ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ. ಬೆಳಗಿನ ಬಿಸಿಲಿನಲ್ಲಿ ಆ ತುಂಡುಗಳೆಲ್ಲ ಹೊತ್ತಿಕೊಂಡಂತೆ ಕಾಣುತ್ತಿದ್ದವು. ಒಂದು ಸೈಕಲ್ಲು ಅವರನ್ನು ಬಳಸಿಕೊಂಡು ಹೋಯಿತು. ಅವರು ಬಂದು ಎದುರುಮನೆಯ ಮೆಟ್ಟಿಲ ಮೇಲೆ ಕೂತು, ಕೌದಿ ಹರಡಿ, ಬಲದ ಅಂಚಿನಿಂದ ಹೊಲಿಯಲು ಶುರುಮಾಡಿದರು. ಒಳಗೆ ಪಾತ್ರೆಯ ಸದ್ದು.

"ಎಡಗಡೆ ಯಾರೂ ಇಲ್ಲ," ಎಂದರು ದೊಡ್ಡಮ್ಮ, ಗಾಳಿಗೆ. "ಬಟ್ಟೆ ಎಳೀತಾ ಇದೆ."

ಪಾತ್ರೆಯ ಸದ್ದು ನಿಂತಿತು. "ಎಳೆದ್ರೆ ಎಳೀಲಿ. ಕಳ್ಳಿ ಕೈ ಯಾಕೆ ಬೇಕು ನಿಮಗೆ?"

"ತಪ್ಪಾಯ್ತು."

ಆ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಒಳಗೆ ಪಾತ್ರೆಯ ಸದ್ದು ಮತ್ತೆ ಶುರುವಾಗಿ ನಿಂತಿತು.

"ಒಂದ್ಸಲ ಹೇಳಿದ್ರೆ ಆಗಲ್ಲ. ನಾನು ಬಾಗಿಲು ಹಾಕ್ಕೊಂಡು ಹದಿಮೂರು ದಿನ ಆಯ್ತು."

"ಹದಿಮೂರು ಸಲ ಹೇಳ್ಲಾ?"

"ಹೇಳಿ."

ದೊಡ್ಡಮ್ಮ ಸೂಜಿ ಚುಚ್ಚಿ ಎಳೆದರು. "ತಪ್ಪಾಯ್ತು." ಮತ್ತೊಂದು ಹೊಲಿಗೆ. "ತಪ್ಪಾಯ್ತು." ಆರನೆಯದಕ್ಕೋ ಏಳನೆಯದಕ್ಕೋ ಹೊಲಿಗೆ ಬಿತ್ತು, ಮಾತು ಬರಲಿಲ್ಲ. ಆಂಟಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಸಾಕು, ಸೂಜಿ ಕೊಡಿ. ಅಯ್ಯೋ, ಏನ್ ಅಕ್ಕಾ ಇದು, ಸುಕ್ಕು ನೋಡಿ! ನಾಯಿ ಮಲಗಿ ಎದ್ದ ಹಾಗೆ ಮಾಡಿದ್ದೀರ."

"ನೀನಿಲ್ದೆ ಇನ್ಹೇಗಾಗುತ್ತೆ ಮಾರಾಯ್ತಿ?"

ಹನ್ನೊಂದು ಕೌದಿಗಳನ್ನೂ ನಾನು ಅಲ್ಲಿಗೇ ಹೊತ್ತು ತಂದೆ. ನನ್ನ ಹೊಲಿಗೆಗಳನ್ನು ನಾನೇ ಬಿಚ್ಚಬೇಕು ಎಂದು ತೀರ್ಪಾಯಿತು. ನಾಲ್ಕು ಸುತ್ತಿನ ಗಂಟುಗಳು, ಬಿಚ್ಚಲು ಪ್ರಾಣ ಹೋಯಿತು. ದೊಡ್ಡಮ್ಮ ಸಣ್ಣ ಬಟ್ಟಲಿನಲ್ಲಿ ಅಕ್ಕಿ ತರಿಸಿದರು. ಬಟ್ಟಲನ್ನು ತಾವು ಮುಟ್ಟದೆ, ಮೆಟ್ಟಿಲ ಮೇಲೆ ಆಂಟಿಯ ಕಡೆಗೆ ದೂಡಿದರು. ಆಂಟಿ ಬಟ್ಟಲನ್ನು ನೋಡಿದರು, ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು.

"ನೋಡ್ತಾ ಕೂತ್ರೆ ಕೂಸುಗಳು ಕಾಲೇಜಿಗೆ ಹೋಗ್ತಾವೆ," ಎಂದರು ದೊಡ್ಡಮ್ಮ.

ಆಂಟಿ ಎಡಗೈಯಿಂದ ಒಂದು ಕಾಳು ಎತ್ತಿ ಮೊದಲ ಮೂಲೆಯೊಳಗೆ ಇಟ್ಟರು. ಎಷ್ಟು ಮೆಲ್ಲಗೆ ಇಟ್ಟರೆಂದರೆ, ಒಳಗೆ ನಿಜವಾಗಿ ಯಾರೋ ಬಾಯಿ ತೆರೆದು ಕಾಯುತ್ತಿದ್ದಾರೆ ಎನ್ನಬೇಕು.

ಬಟ್ಟೆಗೆ ಹಸಿವಾಗುತ್ತದೆ ಎಂದು ನಾನು ಇಂದಿಗೂ ನಂಬುವುದಿಲ್ಲ. ಯಾರಾದರೂ ಚರ್ಚೆಗೆ ಕರೆದರೆ ಹೋಗಿ ಗೆದ್ದು ಬರಬಲ್ಲೆ. ಕೌದಿಗಳು ಆ ಸೋಮವಾರ ಆಸ್ಪತ್ರೆಗೆ ಹೋದವು, ಸಿಸ್ಟರ್ ಒಂದೊಂದನ್ನೂ ಕೊಡವಿ ನೋಡಿ ಕಪಾಟಿನಲ್ಲಿಟ್ಟರು. ನನಗೆ ಹೆಚ್ಚು ನೆನಪಿರುವುದು ಅದಲ್ಲ, ಶನಿವಾರದ ಆ ಮಧ್ಯಾಹ್ನ. ಮೂಲೆಗಳೆಲ್ಲ ಮುಗಿದ ಮೇಲೆ ಸುಕ್ಕಾಗಿದ್ದ ಕೌದಿಯನ್ನು ಬಿಚ್ಚಿ, ಮತ್ತೆ ಮೊದಲಿನಿಂದ ಹೊಲಿಯಲು ಅವರಿಬ್ಬರೂ ಕೂತರು. ಯಾರೂ ಎದ್ದು ಅಡುಗೆ ಮಾಡಲಿಲ್ಲ. ಉಪ್ಪಿಟ್ಟು ನಾನೇ ಮಾಡಿ ಬಡಿಸಿದೆ, ಅದು ಸರಿಯಾಗಿದೆಯೇ ಎಂದು ಯಾರೂ ಕೇಳಲಿಲ್ಲ. ಉಂಡು ನೆಲದ ಮೇಲೆ, ಕೌದಿಯ ಅಂಚು ತಲೆಗೆ ತಾಗುವಷ್ಟು ಹತ್ತಿರ ಮಲಗಿದೆ. ನೆಲ ತಂಪಾಗಿತ್ತು. ಕಣ್ಣು ಮುಚ್ಚಿದಾಗ ಎರಡು ಸೂಜಿಗಳು ಎರಡು ಕಡೆಯಿಂದ ಬರುತ್ತಿರುವುದು ಕೇಳುತ್ತಿತ್ತು, ಬಟ್ಟೆಯೊಳಗೆ ಹೊಕ್ಕು, ಉಸಿರೆಳೆದು, ಹೊರಬಂದು.

"ಹಳದಿ ಪಕ್ಕ ಹಸಿರು ಹಾಕ್ತಾರಾ ಅಕ್ಕಾ? ಕಣ್ಣಿದ್ಯಾ ನಿಮಗೆ?"

"ಕಣ್ಣಿಲ್ಲ ಅಂತ ಗೊತ್ತಿದ್ದೂ ಕೇಳ್ತೀಯಲ್ಲ. ಸುಮ್ನೆ ಹೊಲಿ."

"ಹೊಲಿಯಲ್ಲ. ಹಸಿರು ತೆಗೀರಿ."

ಹಸಿರೇ ಸರಿ ಎನ್ನಲು ನನ್ನ ಹತ್ತಿರ ಒಂದೆರಡು ಕಾರಣಗಳಿದ್ದವು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ನಿದ್ದೆ ಬಂದುಬಿಟ್ಟಿತು.